ಹಳೇ ಸ್ಟೇಪ್ಲರ್‌ಗೆ ಪಿನ್ ಎಲ್ಲಿಂದ ತರೋದು? ಇರುವ ದಾರಿಗಳ ಹೋಲಿಕೆ

ನನ್ನ ಕಪಾಟಿನಲ್ಲಿ ಹಾಚ್‌ಕಿಸ್ ನಂಬರ್ 1 ಎಂಬ ಹಳೇ ಸ್ಟೇಪ್ಲರ್ ಇದೆ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ನಾರ್ವಾಕ್ ಊರಿನ ಕಂಪನಿಯದು, 1890ರ ದಶಕದ ಮಾದರಿ. ಜಪಾನಿನಲ್ಲಿ ಇವತ್ತಿಗೂ ಸ್ಟೇಪ್ಲರ್‌ಗೆ 'ಹೊಚಿಕಿಸು' ಎನ್ನುತ್ತಾರೆ. ಆ ಕಂಪನಿಯ ಹೆಸರೇ ಅಲ್ಲಿ ವಸ್ತುವಿನ ಹೆಸರಾಗಿ ಉಳಿದಿದೆ. ಅಂಥ ಮಷಿನ್ ಕೈಗೆ ಸಿಕ್ಕಾಗ ಖುಷಿಯಲ್ಲಿ ತಲೆ ಓಡಲಿಲ್ಲ. ಜೊತೆಗೆ ಪಿನ್ ಇದೆಯಾ ಎಂದು ಕೇಳಿದ್ದಕ್ಕೆ ಮಾರಿದವರು "ಯಾವ ಪಿನ್ ಹಾಕಿದರೂ ನಡೆಯುತ್ತೆ" ಎಂದರು. ನಾನೂ ತಲೆಯಾಡಿಸಿ ತಂದೆ.

ಮನೆಗೆ ಬಂದು ಈಗಿನ 24/6 ಪಿನ್ ತುರುಕಿದೆ. ಗುಂಡಿ ಒತ್ತಿದೆ. ಇಳಿಯಲಿಲ್ಲ. ಅಂಗೈಯಿಂದ ಕುಟ್ಟಿದೆ. ಒಳಗೆ ಏನೋ ಕಟ್ ಎಂದಿತು. ಬಿಚ್ಚಿ ನೋಡಿದರೆ ಎರಡು ಪಿನ್ ಅಡ್ಡಡ್ಡ ಸಿಕ್ಕಿಕೊಂಡಿವೆ, ಒತ್ತುವ ಬ್ಲೇಡಿನ ತುದಿ ಉಗುರಿನ ಹಾಗೆ ಮಡಚಿಕೊಂಡಿದೆ. ನೂರು ವರ್ಷ ಸುಮ್ನೆ ಕೂತಿದ್ದ ಮಷಿನ್ನನ್ನು ನಾನು ಹತ್ತು ನಿಮಿಷದಲ್ಲಿ ಕೆಡಿಸಿದ್ದೆ.

ಆಮೇಲೆ ತಿಳಿದದ್ದು ಇಷ್ಟು. ಆ ಮಷಿನ್ನಿನ ಪಿನ್‌ಗಳು ಅಂಟಿನಿಂದ ಅಂಟಿಕೊಂಡವಲ್ಲ, ಒಂದು ಉದ್ದ ಲೋಹದ ಪಟ್ಟಿಯಲ್ಲಿ ಸೇರಿಕೊಂಡೇ ಬರುತ್ತಿದ್ದವು. ಪ್ರತಿ ಏಟಿಗೂ ಮಷಿನ್ ಮೊದಲು ಪಿನ್ನನ್ನು ಪಟ್ಟಿಯಿಂದ ಕಡಿಯಬೇಕು, ಆಮೇಲೆ ಕಾಗದಕ್ಕೆ ಇಳಿಸಬೇಕು. ಅದಕ್ಕೇ ಆ ಕಾಲದಲ್ಲಿ ಕೆಲವರು ಪಕ್ಕದಲ್ಲೇ ಒಂದು ಮರದ ಸುತ್ತಿಗೆ ಇಟ್ಟುಕೊಳ್ಳುತ್ತಿದ್ದರು. ಈಗಿನ ಪಿನ್ ಒಳಗೆ ಹೋದರೆ ಅದನ್ನು ನೆಟ್ಟಗೆ ಹಿಡಿದುಕೊಳ್ಳುವ ವ್ಯವಸ್ಥೆಯೇ ಅದರಲ್ಲಿಲ್ಲ.

ಅಲ್ಲಿಂದ ನನ್ನ ಲೆಕ್ಕ ಉಲ್ಟಾ ಆಯಿತು: ಮೊದಲು ಪಿನ್ ಹುಡುಕು, ಆಮೇಲೆ ಮಷಿನ್ ಕೊಳ್ಳು. ಪಿನ್‌ಗೆ ಇರುವ ದಾರಿಗಳನ್ನು ಒಂದೊಂದಾಗಿ ನೋಡೋಣ.

ಮೊದಲು ಅಳತೆ

ಯಾವ ದಾರಿ ಹಿಡಿದರೂ ಅಳತೆ ಬೇಕೇ ಬೇಕು. ಒಂದು ವರ್ನಿಯರ್ ಕ್ಯಾಲಿಪರ್ ಸಾಕು. ಪಿನ್ನಿನ ಮೇಲಿನ ಅಡ್ಡ ಭಾಗವನ್ನು ನಾನು ನೆತ್ತಿ ಎನ್ನುತ್ತೇನೆ, ಕೆಳಗಿಳಿಯುವ ಎರಡು ಭಾಗ ಕಾಲು. ಅಳೆಯಬೇಕಾದದ್ದು ನಾಲ್ಕು: ಪಿನ್ ಕೂರುವ ಹಳಿಯ ಅಗಲ, ಹಳಿಯ ಹೊರಗಿನ ಗೂಡಿನ ಒಳ ಅಗಲ, ಗೂಡಿನ ಎತ್ತರ, ಒತ್ತುವ ಬ್ಲೇಡಿನ ದಪ್ಪ.

ಮೊದಲ ಮೂರನ್ನು ಎಲ್ಲರೂ ಅಳೆಯುತ್ತಾರೆ. ನಾಲ್ಕನೆಯದನ್ನು ಮರೆಯುತ್ತಾರೆ, ತೊಂದರೆ ಬರುವುದೇ ಅಲ್ಲಿ. ಬ್ಲೇಡು ಪಿನ್ನಿನ ತಂತಿಗಿಂತ ದಪ್ಪ ಇದ್ದರೆ, ಕೆಳಗೆ ಬರುವಾಗ ಮುಂದಿನ ಪಿನ್ನಿನ ಜೊತೆ ಹಿಂದಿನದರ ಅಂಚನ್ನೂ ಹಿಡಿಯುತ್ತದೆ. ಎರಡೂ ಸೇರಿ ಬಾಯಲ್ಲಿ ಸಿಕ್ಕಿಕೊಳ್ಳುತ್ತವೆ. ತಂತಿಯೇ ದಪ್ಪವಾದರೆ ಬಾಯಿಂದ ಹೊರಗೇ ಬರುವುದಿಲ್ಲ. ಒಂದೇ ಪಿನ್ನಿನ ದಪ್ಪವನ್ನು ಅಳೆಯಲು ಹೋದರೆ ಕೈ ತಪ್ಪುತ್ತದೆ. ಪಟ್ಟಿಯಲ್ಲಿ ಇಪ್ಪತ್ತು ಪಿನ್ ಎಣಿಸಿ, ಒಟ್ಟು ಉದ್ದ ಅಳೆದು, ಇಪ್ಪತ್ತರಿಂದ ಭಾಗಿಸಿ. 210 ಪಿನ್ನಿನ ಪೂರ್ತಿ ಪಟ್ಟಿ ಸುಮಾರು 105 ಮಿ.ಮೀ. ಇದ್ದರೆ ಒಂದೊಂದು ಅರ್ಧ ಮಿ.ಮೀ. ದಪ್ಪ ಎಂದಾಯಿತು.

ಡಬ್ಬಿಯ ಮೇಲಿನ ನಂಬರನ್ನೂ ಓದಲು ಗೊತ್ತಿರಬೇಕು. 24/6 ಎಂದರೆ ಮೊದಲನೆಯದು ತಂತಿಯ ಗೇಜು, ಎರಡನೆಯದು ಕಾಲಿನ ಉದ್ದ ಮಿ.ಮೀ.ನಲ್ಲಿ. ಗೇಜು ದೊಡ್ಡದಾದಷ್ಟೂ ತಂತಿ ತೆಳು, ಹಾಗಾಗಿ 26/6 ಎಂಬುದು 24/6ಗಿಂತ ಸಣ್ಣ ತಂತಿಯದು. ಎರಡರದ್ದೂ ನೆತ್ತಿ ಹೆಚ್ಚುಕಡಿಮೆ ಅರ್ಧ ಇಂಚು. ನಂಬರ್ 10 ಎಂಬುದಕ್ಕೆ ಈ ಲೆಕ್ಕ ಅನ್ವಯಿಸದು, ಅದು ಬರೀ ಹೆಸರು. ಅದರ ನೆತ್ತಿ ಸುಮಾರು 9 ಮಿ.ಮೀ., ಕಾಲು 5 ಮಿ.ಮೀ.

ದಾರಿ ಒಂದು: ಈಗಿನ ಅಂಗಡಿಯ ಪಿನ್

ಇದು ಎಲ್ಲಕ್ಕಿಂತ ಸುಲಭ, ಅಗ್ಗ. ಕೈಗೆ ಬಂದಿರುವ ಮಷಿನ್ 1930ರ ದಶಕದ ಕೊನೆಯಿಂದ ಈಚಿನದಾಗಿದ್ದರೆ ಮೊದಲು ಇದನ್ನೇ ನೋಡಿ. ಸ್ವಿಂಗ್‌ಲೈನ್ ಇದಕ್ಕೆ ಒಳ್ಳೆಯ ಉದಾಹರಣೆ. ಜ್ಯಾಕ್ ಲಿನ್ಸ್‌ಕಿ 1925ರಲ್ಲಿ ನ್ಯೂಯಾರ್ಕ್‌ನಲ್ಲಿ ಪ್ಯಾರಟ್ ಸ್ಪೀಡ್ ಫಾಸ್ಟನರ್ ಎಂಬ ಹೆಸರಿನಲ್ಲಿ ಶುರು ಮಾಡಿದ ಕಂಪನಿ ಅದು. ಮೇಲಿನ ಮುಚ್ಚಳ ಎತ್ತಿ ಪಿನ್ ಪಟ್ಟಿಯನ್ನು ಹಾಗೇ ಇಳಿಸುವ ಅದರ ವಿನ್ಯಾಸ ಎಷ್ಟು ಓಡಿತೆಂದರೆ, ಅರ್ಧ ಇಂಚಿನ ಪಿನ್ನೇ ಒಂದು ರೂಢಿಯಾಯಿತು. ಅಂಥ ಮೇಲ್ತೆರೆಯುವ ಮಾದರಿಗಳಲ್ಲಿ ಹೆಚ್ಚಿನವಕ್ಕೆ ಈಗಿನ 26/6 ಅಥವಾ ಸ್ವಿಂಗ್‌ಲೈನಿನದೇ ಎಸ್‌ಎಫ್1 ಪಿನ್ ಕೂರುತ್ತದೆ. ಸಾಲದ್ದಕ್ಕೆ ಮುಚ್ಚಳ ಎತ್ತಿದರೆ ಪಿನ್ ಹಳಿಯ ಮೇಲೆ ಹೇಗೆ ಕೂತಿದೆ ಎಂದು ಕಣ್ಣಿಗೇ ಕಾಣುತ್ತದೆ.

ಕೂತರೆ ಸಾಲದು, ಜಾರಬೇಕು. ಪಟ್ಟಿಯನ್ನು ಹಳಿಯ ಮೇಲಿಟ್ಟು ಮಷಿನ್ನನ್ನು ಓರೆ ಮಾಡಿ. ತನ್ನಷ್ಟಕ್ಕೆ ಮುಂದೆ ಜಾರಿದರೆ ಸರಿ. ಎಡಬಲಕ್ಕೆ ಅಲ್ಲಾಡಿದರೆ ನೆತ್ತಿ ಅಗಲವಾಯಿತು. ಬೆರಳಿಂದ ತಳ್ಳಬೇಕಾದರೆ ಕಿರಿದಾಯಿತು. ಮೊದಲ ಸಲ ಇಡೀ ಪಟ್ಟಿ ಹಾಕಬೇಡಿ, ಐದಾರು ಪಿನ್ ಮುರಿದು ಹಾಕಿ. ಅಡಿಯಲ್ಲಿ ಎರಡು ಹಾಳೆ ಇಟ್ಟು ನಿಧಾನಕ್ಕೆ ಒತ್ತಿ, ಕುಟ್ಟಬೇಡಿ. ಒತ್ತಿದಾಗ ಕೈಗೆ ಗಟ್ಟಿ ತಡೆ ಸಿಕ್ಕರೆ ಅಲ್ಲೇ ನಿಲ್ಲಿಸಿ. ನಾನು ನಿಲ್ಲಿಸದೇ ಹೋದದ್ದರ ಕಥೆ ಮೇಲೇ ಹೇಳಿದ್ದೇನೆ.

ತಮ್ಮದೇ ಪಿನ್ ಬೇಡುವ ಮಷಿನ್‌ಗಳೂ ಇವೆ, ಆದರೆ ಅವುಗಳ ಪಿನ್ ಹೆಸರು ಹಿಡಿದು ಕೇಳಿದರೆ ಸಿಗುತ್ತದೆ. ಬೋಸ್ಟಿಚ್ ಬಿ8 ಮಾದರಿಗೆ ಬಿ8 ಪಿನ್ನೇ ಆಗಬೇಕು. ರೆಕ್ಸೆಲ್ ಬ್ಯಾಂಬಿ ಎಂಬ ಪುಟಾಣಿಗೆ ನಂಬರ್ 25, ಕಾಲು ಬರೀ 4 ಮಿ.ಮೀ. ಇಕ್ಕಳದಂತೆ ಹಿಡಿದು ಒತ್ತುವ ಏರೋ ಪಿ22 ಸ್ಟೇಪ್ಲರ್‌ಗೆ ಪಿ22. ಏಸ್ ಕ್ಲಿಪ್ಪರ್ ಇಕ್ಕಳಕ್ಕೆ 'ಅನ್‌ಡ್ಯುಲೇಟೆಡ್' ಎಂದು ಬರೆದಿರುವ ಡಬ್ಬಿ. ಹಳೆಯ ಸ್ವಿಂಗ್‌ಲೈನ್ ಟಾಟ್ 50ಕ್ಕೆ ಟಾಟ್ ಪಿನ್. ಟಾಟ್ ಚಿಕ್ಕದು, ನಂಬರ್ 10ವೂ ಚಿಕ್ಕದು, ಆದ್ದರಿಂದ ಎರಡೂ ಒಂದೇ ಎಂದುಕೊಳ್ಳುವವರು ಜಾಸ್ತಿ. ಅಳೆಯದೆ ಹಾಕಬೇಡಿ.

"ನಮ್ಮ ಪಿನ್ ಮಾತ್ರ ಬಳಸಿ" ಎಂದು ಮಷಿನ್ನಿನ ತಳದಲ್ಲಿ ಅಚ್ಚೊತ್ತಿರುತ್ತದೆ. ಅದರಲ್ಲಿ ಅರ್ಧ ವ್ಯಾಪಾರ, ಅರ್ಧ ನಿಜ. ಯಾವ ಅರ್ಧ ಎಂಬುದನ್ನು ಕ್ಯಾಲಿಪರ್ ಹೇಳುತ್ತದೆ.

ದಾರಿ ಎರಡು: ಹಳೇ ಸ್ಟಾಕ್

ಹಾಚ್‌ಕಿಸ್‌ನಂಥ ಪಟ್ಟಿ ಪಿನ್‌ಗೆ ಬೇರೆ ದಾರಿಯೇ ಇಲ್ಲ. ಅದನ್ನು ಈಗ ಯಾರೂ ಮಾಡುವುದಿಲ್ಲ, ಮನೆಯಲ್ಲಿ ಮಾಡುವುದೂ ಆಗದ ಮಾತು. ತೆರೆಯದ ಹಳೇ ಡಬ್ಬಿ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ.

ಇಲ್ಲಿ ಕೊಳ್ಳುವವರು ಎರಡು ಥರ. ಒಬ್ಬರಿಗೆ ಡಬ್ಬಿ ಬೇಕು, ಇನ್ನೊಬ್ಬರಿಗೆ ಪಿನ್ ಬೇಕು. ಡಬ್ಬಿಯ ಮೇಲೆ ಚೆಂದದ ಅಕ್ಷರ, ಮಷಿನ್ನಿನ ಚಿತ್ರ, ಒಡೆಯದ ಸೀಲು ಇದ್ದರೆ ಬೆಲೆ ಏರುತ್ತದೆ. ಬಳಸಲು ಪಿನ್ ಬೇಕಾದವರು ಅದಕ್ಕೆ ದುಡ್ಡು ಸುರಿಯಬೇಕಿಲ್ಲ. ಮೂಲೆ ಹರಿದ, ಅರ್ಧ ಖಾಲಿಯಾದ, ಲೇಬಲ್ ಮಾಸಿದ ಡಬ್ಬಿಯೇ ನಮಗೆ ಲಾಭ. ತೆರೆದ ಡಬ್ಬಿಗೆ ಇನ್ನೊಂದು ಅನುಕೂಲ ಇದೆ: ಒಳಗೇನಿದೆ ಎಂದು ಫೋಟೋ ಕೇಳಬಹುದು.

ಫೋಟೋ ಕೇಳುವಾಗ ಮೇಲಿನಿಂದ ತೆಗೆದದ್ದು ಬೇಡ ಅನ್ನಿ. ಮೇಲಿಂದ ಎಲ್ಲಾ ಪಿನ್ನೂ ಹೊಳೆಯುತ್ತವೆ. ಪಟ್ಟಿಯನ್ನು ಮಗುಚಿ, ಕಾಲುಗಳ ತುದಿ ಕಾಣುವ ಹಾಗೆ ತೆಗೆದ ಫೋಟೋ ಬೇಕು. ತುದಿಯಲ್ಲಿ ತಂತಿ ಕಡಿದ ಜಾಗಕ್ಕೆ ಲೇಪನ ಇರುವುದಿಲ್ಲ, ತುಕ್ಕು ಮೊದಲು ಹಿಡಿಯುವುದು ಅಲ್ಲೇ. ಕಂದು ಚುಕ್ಕೆ ಅಲ್ಲೊಂದು ಇಲ್ಲೊಂದು ಇದ್ದರೆ ಪರವಾಗಿಲ್ಲ. ಕಾಲುಗಳ ನಡುವೆ ಪುಡಿ ಕೂತಿದ್ದರೆ ಬಿಟ್ಟುಬಿಡಿ. ಅಂಥ ಪಿನ್ ಹಳಿಯ ಮೇಲೆ ಜಾರುವುದೂ ಇಲ್ಲ, ಆ ಪುಡಿ ಮಷಿನ್ನಿನ ಒಳಗೆ ಸೇರಿ ಅದನ್ನೂ ಹಾಳು ಮಾಡುತ್ತದೆ.

ಅಂಟಿನ ಪಟ್ಟಿಗಳಲ್ಲಿ ಇನ್ನೊಂದು ತೊಂದರೆ, ಅಂಟು ಒಣಗಿ ಪುಡಿಯಾಗಿರುತ್ತದೆ. ಡಬ್ಬಿ ತೆರೆದರೆ ಪಟ್ಟಿಯ ಬದಲು ಬಿಡಿ ಪಿನ್ನಿನ ರಾಶಿ. ಇದಕ್ಕೆ ಮದ್ದಿದೆ. ಹಳಿಯಷ್ಟೇ ಅಗಲದ ಒಂದು ಮರದ ಪಟ್ಟಿಗೆ ಮೇಣದ ಕಾಗದ ಸುತ್ತಿ, ಬಿಡಿ ಪಿನ್‌ಗಳನ್ನು ಅದರ ಮೇಲೆ ಸವಾರಿ ಕೂರಿಸಿ, ಎರಡೂ ಕಡೆಯಿಂದ ಒತ್ತಿ ಹಿಡಿದು, ನೆತ್ತಿಯ ಮೇಲೆ ಬಣ್ಣವಿಲ್ಲದ ನೈಲ್ ಪಾಲಿಶ್ ತೆಳ್ಳಗೆ ಒಂದೇ ಸಲ ಎಳೆಯಿರಿ. ರಾತ್ರಿ ಬಿಟ್ಟು ಬೆಳಗ್ಗೆ ತೆಗೆದರೆ ಪಟ್ಟಿ ಸಿದ್ಧ. ದಪ್ಪ ಬಳಿದರೆ ಬ್ಲೇಡಿಗೆ ಪಿನ್ ಬಿಡಿಸಲು ಆಗುವುದಿಲ್ಲ. ಒಂದು ಸಂಜೆಗೆ ಐವತ್ತು ಪಿನ್ ಆದರೆ ಹೆಚ್ಚು. ಆದರೂ ಟಿವಿ ನೋಡುತ್ತಾ ಮಾಡುವ ಕೆಲಸಗಳಲ್ಲಿ ಇದು ನನಗೆ ಇಷ್ಟ.

ಎಷ್ಟು ಕೊಳ್ಳಬೇಕು? ಹಳೇ ಡಬ್ಬಿ ಕಂಡರೆ ಎಲ್ಲ ಬಾಚಿಕೊಳ್ಳುವ ಆಸೆ ಬರುತ್ತದೆ. ಲೆಕ್ಕ ಹಾಕಿ. ವಾರಕ್ಕೊಮ್ಮೆ ಆಸೆಗೆ ಒಂದು ಪಿನ್ ಹೊಡೆದರೆ, 5000ದ ಒಂದು ಡಬ್ಬಿ 96 ವರ್ಷ ಬರುತ್ತದೆ. ನನ್ನ ಬಳಿ ಅಂಥ ಮೂರು ಡಬ್ಬಿ ಇವೆ, ಅದು ಬೇರೆ ಮಾತು.

ದಾರಿ ಮೂರು: ತಂತಿಯಿಂದ

ಇದು ಎರಡು ಜಾತಿಯ ಮಷಿನ್‌ಗೆ ಮಾತ್ರ ಹೊಂದುತ್ತದೆ.

ಒಂದು, ಮೆಕ್‌ಗಿಲ್ ಸಿಂಗಲ್ ಸ್ಟ್ರೋಕ್. ಜಾರ್ಜ್ ಮೆಕ್‌ಗಿಲ್ 1879ರಲ್ಲಿ ಪೇಟೆಂಟ್ ಪಡೆದದ್ದು. ಅದರಲ್ಲಿ ಪಿನ್ ತುಂಬುವ ಗೂಡೇ ಇಲ್ಲ. ಒಂದು ಪಿನ್ ಇಡಬೇಕು, ಒಂದು ಏಟು ಹಾಕಬೇಕು, ಮತ್ತೆ ಒಂದು ಇಡಬೇಕು. ಇದೇ ಅದರ ದೊಡ್ಡ ಗುಣ! ಪಟ್ಟಿ ಬೇಡ, ಅಂಟು ಬೇಡ, ಜಾರುವ ತಲೆನೋವಿಲ್ಲ. ಪಿನ್ನಿನ ಅಗಲ ಅರ್ಧ ಇಂಚು. ಅಷ್ಟೇ ಅಗಲದ ಚೌಕ ಕಬ್ಬಿಣದ ತುಂಡೊಂದಕ್ಕೆ ತಂತಿ ಬಗ್ಗಿಸಿ ಎರಡೂ ಕಾಲನ್ನು ಸಮಕ್ಕೆ ಕತ್ತರಿಸಿದರೆ ಪಿನ್ ಆಯಿತು. ಹೊರಗಿನ ಅಗಲ ಅರ್ಧ ಇಂಚು ಬರಬೇಕಾದ್ದರಿಂದ ಕಬ್ಬಿಣದ ತುಂಡು ತಂತಿಯ ದಪ್ಪದ ಎರಡರಷ್ಟು ಕಡಿಮೆ ಇರಬೇಕು, ಇದನ್ನು ಮರೆತು ನಾನು ಮೊದಲ ಇಪ್ಪತ್ತು ಪಿನ್ ಬಿಸಾಕಿದೆ. ಕಾಲಿನ ತುದಿಯನ್ನು ಓರೆಯಾಗಿ ಕತ್ತರಿಸಿದರೆ ಕಾಗದಕ್ಕೆ ಸಲೀಸಾಗಿ ಇಳಿಯುತ್ತದೆ.

ಇನ್ನೊಂದು, ಬೇಟ್ಸ್. ನ್ಯೂಜೆರ್ಸಿಯ ಆರೆಂಜ್ ಊರಿನ ಕಂಪನಿ. ಅದರ ಸ್ಟೇಪ್ಲರ್ ಹೊಟ್ಟೆಯಲ್ಲಿ ಪಿನ್ ಇರುವುದಿಲ್ಲ, ಹಿತ್ತಾಳೆ ಬಣ್ಣದ ತಂತಿಯ ಸುರುಳಿ ಇರುತ್ತದೆ. ಒತ್ತಿದಾಗ ತಂತಿಯನ್ನು ಎಳೆದು, ಕತ್ತರಿಸಿ, ಬಗ್ಗಿಸಿ, ಹೊಡೆಯುತ್ತದೆ, ಎಲ್ಲಾ ಒಂದೇ ಏಟಿನಲ್ಲಿ. ಒಂದು ಸುರುಳಿಗೆ 5000 ಪಿನ್ ಎಂಬುದು ಅದರ ಜಾಹೀರಾತು. ಮೊದಲ ಸಲ ನೋಡಿದಾಗ ನಾನು ಕಾಗದವೇ ಇಲ್ಲದೆ ಹತ್ತು ಸಲ ಒತ್ತಿದ್ದೆ, ಸುಮ್ನೆ ನೋಡೋಕೆ.

ಮೂಲ ಸುರುಳಿ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಕರಕುಶಲದ ತಂತಿ ನೋಡುವವರಿದ್ದಾರೆ. ಇಲ್ಲಿ ಎರಡು ಗುಂಡಿಗಳಿವೆ, ಬೀಳಬೇಡಿ. ಗೇಜು ನಂಬರ್ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ 22 ಗೇಜ್ 0.644 ಮಿ.ಮೀ., ಬ್ರಿಟಿಷ್ 22 ಗೇಜ್ 0.711 ಮಿ.ಮೀ. ಇಷ್ಟೇ ವ್ಯತ್ಯಾಸಕ್ಕೆ ತಂತಿ ಬಾಯಲ್ಲಿ ಕಚ್ಚಿಕೊಳ್ಳುತ್ತದೆ. ಹಳೇ ತಂತಿಯ ಒಂದು ಚೂರನ್ನು ಅಳೆದು ಮಿ.ಮೀ.ನಲ್ಲೇ ಕೇಳಿ. ಎರಡನೆಯದು ಗಡಸುತನ. ಆಭರಣ ಕೆಲಸದ ಹಿತ್ತಾಳೆ ತಂತಿ ಮೆತ್ತಗಿರುತ್ತದೆ. ಮಷಿನ್ ಅದನ್ನು ಮುಂದೆ ತಳ್ಳುವಾಗ ಶ್ಯಾವಿಗೆಯ ಹಾಗೆ ಒಳಗೇ ಮುದ್ದೆಯಾಗುತ್ತದೆ. ಅರ್ಧ ಗಡಸು ಅಥವಾ ಹಿತ್ತಾಳೆ ಲೇಪಿಸಿದ ಉಕ್ಕಿನ ತಂತಿಯನ್ನೇ ನೋಡಿ.

ಗೂಡಿರುವ ಉಳಿದ ಮಷಿನ್‌ಗಳಿಗೆ ಮನೆಯಲ್ಲಿ ಪಿನ್ ಮಾಡಲು ಹೋಗಬೇಡಿ. ನೂರು ಪಿನ್ ಒಂದೇ ಅಳತೆಗೆ ಬರುವುದು ಕನಸು.

ದಾರಿ ನಾಲ್ಕು: ಪಿನ್ನೇ ಬೇಡದ ಮಷಿನ್

ಹೊಸದಾಗಿ ಸಂಗ್ರಹ ಶುರು ಮಾಡುವವರು ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. 1910ರ ಆಸುಪಾಸಿನಲ್ಲಿ ಅಮೆರಿಕದ ಅಯೋವಾ ರಾಜ್ಯದ ನ್ಯೂಟನ್‌ನಲ್ಲಿ ಕ್ಲಿಪ್‌ಲೆಸ್, ವಿಸ್ಕಾನ್ಸಿನ್‌ನ ಲಾ ಕ್ರಾಸ್‌ನಲ್ಲಿ ಬಂಪ್ ಎಂಬ ಕಂಪನಿಗಳು ಕಾಗದವನ್ನೇ ನಾಲಿಗೆಯ ಹಾಗೆ ಕತ್ತರಿಸಿ, ಪಕ್ಕದ ಸೀಳಿನೊಳಗೆ ಮಡಚಿ ಸಿಕ್ಕಿಸುವ ಮಷಿನ್ ಮಾಡಿದವು. ಹಾಳೆಗಳು ಕಡಿಮೆ ಇದ್ದರೆ ಚೆನ್ನಾಗಿಯೇ ಹಿಡಿಯುತ್ತದೆ, ಜಾಸ್ತಿಯಾದರೆ ಕೈಕೊಡುತ್ತದೆ. ಖರ್ಚಾಗುವ ವಸ್ತು ಸೊನ್ನೆ. ಕೊಳ್ಳುವಾಗ ಒಂದೇ ಪರೀಕ್ಷೆ, ಕತ್ತರಿಸುವ ಅಂಚು ಮೊಂಡಾಗಿದೆಯಾ ನೋಡಿ. ಕಾಗದ ಹರಿದಂತೆ ಬಂದರೆ ಬೇಡ.

ಪಿನ್ ಅಲ್ಲದ ಸಾಮಾನು

ಸ್ಪ್ರಿಂಗ್: ಬಿಡಿಭಾಗಕ್ಕೆಂದೇ ಅದೇ ಮಾದರಿಯ ಕೆಟ್ಟ ಮಷಿನ್ ಇನ್ನೊಂದನ್ನು ಕೊಳ್ಳುವುದೋ, ಬಗೆಬಗೆಯ ಸ್ಪ್ರಿಂಗ್ ಇರುವ ಹೊಸ ಡಬ್ಬಿ ಕೊಳ್ಳುವುದೋ? ಗುಂಡಿಯನ್ನು ಮೇಲೆತ್ತುವ ದಪ್ಪ ಸ್ಪ್ರಿಂಗ್ ಆದರೆ ಹೊಸದು ಸಾಕು. ತಂತಿಯ ದಪ್ಪ, ಹೊರಗಿನ ಅಗಲ, ಒತ್ತದೆ ಇದ್ದಾಗಿನ ಉದ್ದ, ಈ ಮೂರು ಹೊಂದಿದರೆ ಆಯಿತು. ಉದ್ದ ಜಾಸ್ತಿ ಎಂದು ಕತ್ತರಿಸಿದರೆ ಸ್ಪ್ರಿಂಗ್ ಇನ್ನೂ ಗಡುಸಾಗುತ್ತದೆ, ಮೆತ್ತಗಾಗುವುದಿಲ್ಲ, ನೆನಪಿರಲಿ. ಪಿನ್ ಮುಂದೆ ತಳ್ಳುವ ಉದ್ದ ತೆಳು ಸ್ಪ್ರಿಂಗ್ ಮತ್ತು ಬ್ಲೇಡಿಗೆ ಮಾತ್ರ ಕೆಟ್ಟ ಮಷಿನ್ನೇ ಸರಿ. ಅವು ಹೊರಗೆ ಸಿಗುವುದು ಕಷ್ಟ.

ತುಕ್ಕು ತೆಗೆಯಲು ಎಲ್ಲರೂ ವಿನೆಗರ್ ಹೇಳುತ್ತಾರೆ. ಬರೀ ಕಬ್ಬಿಣದ ತುಂಡಿಗೆ ಅಡ್ಡಿಯಿಲ್ಲ. ಆದರೆ ಸ್ಪ್ರಿಂಗನ್ನು ಆಮ್ಲದಲ್ಲಿ ನೆನೆಸಿದರೆ ಉಕ್ಕು ಪೆಡಸಾಗಿ ಒಂದು ದಿನ ಪಟಕ್ಕನೆ ಮುರಿಯಬಹುದು. ನಿಕಲ್ ಲೇಪನ ಎದ್ದಿರುವ ಕಡೆ ಆಮ್ಲ ಒಳಗಿಳಿದು ಇನ್ನಷ್ಟು ಎಬ್ಬಿಸುತ್ತದೆ. ಆಮ್ಲವಿಲ್ಲದ, ತುಕ್ಕನ್ನಷ್ಟೇ ಕರಗಿಸುವ ದ್ರಾವಣಕ್ಕೆ ಸ್ವಲ್ಪ ಜಾಸ್ತಿ ಕೊಟ್ಟರೂ ಪರವಾಗಿಲ್ಲ. ಬಂಗಾರದ ಅಕ್ಷರ ಇರುವ ಕಪ್ಪು ಮಷಿನ್‌ಗೆ ಸ್ಪಿರಿಟ್ ಹತ್ತಿರವೂ ತರಬೇಡಿ, ಒರೆಸಿದ ಬಟ್ಟೆಗೇ ಹೆಸರು ಬರುತ್ತದೆ. ಎಣ್ಣೆ, ಹೊಲಿಗೆ ಮಷಿನ್ನಿನದು, ಒಂದು ಹನಿ.

ತಳದ ರಬ್ಬರು ಹಪ್ಪಳದಂತೆ ಒಣಗಿದ್ದರೆ ಕಾರ್ಕ್ ಅಥವಾ ಸಿಲಿಕೋನ್ ಹಾಳೆ ಕತ್ತರಿಸಿ ಅಂಟಿಸಿ. ಅಗ್ಗದ ಮೆತ್ತನೆಯ ಪಿವಿಸಿ ಬೇಡ, ಕಾಲಕ್ರಮೇಣ ಬಣ್ಣಕ್ಕೆ ಅಂಟಿಕೊಂಡು ಕಿತ್ತು ಬರುತ್ತದೆ.

ಹುಡುಕುವ ಜಾಗ

ಆನ್‌ಲೈನ್ ಹರಾಜಿನಲ್ಲಿ ಆಯ್ಕೆ ಜಾಸ್ತಿ, ಪೈಪೋಟಿಯೂ ಜಾಸ್ತಿ. 'ಆಂಟಿಕ್ ಸ್ಟೇಪ್ಲರ್' ಎಂದು ಹುಡುಕಿದರೆ ಎಲ್ಲರಿಗೂ ಕಾಣುವುದೇ ನಿಮಗೂ ಕಾಣುತ್ತದೆ. 'ಪೇಪರ್ ಫಾಸ್ಟನರ್' ಎಂದು ಹುಡುಕಿ. ಆ ಕಾಲದ ಡಬ್ಬಿಗಳ ಮೇಲೆ ಇರುವುದೇ ಆ ಹೆಸರು, ಒಳಗೇನಿದೆ ಎಂದು ಗೊತ್ತಿಲ್ಲದವರು ಡಬ್ಬಿಯನ್ನು ನೋಡಿ ಅದನ್ನೇ ಬರೆದಿರುತ್ತಾರೆ. ಹಳೇ ಮನೆ, ಹಳೇ ಕಚೇರಿ ಖಾಲಿ ಮಾಡುವವರ ಬಳಿ ಡ್ರಾಯರ್ ಸಮೇತ ಕೇಳಿ. ಮಷಿನ್ ಮೇಜಿನ ಮೇಲಿರುತ್ತದೆ, ಪಿನ್ ಡಬ್ಬಿ ಡ್ರಾಯರಿನ ಹಿಂಬದಿಗೆ ಜರುಗಿರುತ್ತದೆ. ಬಾಗಿಲು ಹಾಕುತ್ತಿರುವ ಸ್ಟೇಷನರಿ ಅಂಗಡಿಯ ಮೇಲಿನ ಅಟ್ಟದ ಖಾನೆಯೂ ಅಷ್ಟೇ. ಇತರ ಸಂಗ್ರಾಹಕರ ಜೊತೆ ಅದಲುಬದಲು ಮಾಡಿಕೊಳ್ಳುವುದು ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆಯದು. ಅವರು ಪಿನ್ನನ್ನು ಅಳೆದು ಹೇಳುತ್ತಾರೆ, ಕಥೆ ಹೇಳುವುದಿಲ್ಲ. ಕಥೆ ಎಂದಾಗ ನೆನಪಾಯಿತು: ಫ್ರಾನ್ಸಿನ ಹದಿನೈದನೇ ಲೂಯಿ ದೊರೆಗೆ ಬಂಗಾರದ ಪಿನ್ನಿನ ಸ್ಟೇಪ್ಲರ್ ಇತ್ತು ಎಂದು ಯಾರಾದರೂ ಶುರು ಮಾಡಿದರೆ ಪರ್ಸ್ ಮುಚ್ಚಿಕೊಳ್ಳಿ. ಅದಕ್ಕೆ ಯಾವ ಆಧಾರವೂ ಇಲ್ಲ.

ನನ್ನ ಹಾಚ್‌ಕಿಸ್‌ಗೂ ಹೀಗೇ ಒಬ್ಬರು ಸಂಗ್ರಾಹಕರು ದಾರಿ ಮಾಡಿದರು. ಮಡಚಿಕೊಂಡ ಬ್ಲೇಡಿಗೆ ಅವರ ಬಳಿಯಿದ್ದ ಕೆಟ್ಟ ಮಷಿನ್ನಿನ ಬ್ಲೇಡು ಬಂತು. ಜೊತೆಗೆ, ಲಕೋಟೆಯಲ್ಲಿ, ಹನ್ನೊಂದು ಪಿನ್ ಉಳಿದಿದ್ದ ಒಂದು ತುಂಡು ಪಟ್ಟಿ. ಎರಡು ಹಾಳೆ ಇಟ್ಟು, ಈ ಸಲ ಮರದ ಸುತ್ತಿಗೆಯಿಂದಲೇ, ಒಂದು ಏಟು ಹಾಕಿದೆ. ನೆಟ್ಟಗೆ ಇಳಿಯಿತು. ಹತ್ತು ಉಳಿದಿವೆ.